ಏರ್‌ಸಾಫ್ಟ್ ಬ್ಯಾರಲ್ ಕ್ಲೀನಿಂಗ್ ಕಿಟ್ ಬಗ್ಗೆ ದೂರು

ಕೋಡಿಬಾಗ, ಕಾರವಾರ
ಜುಲೈ 14

ಗೆ,
ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಗಳು

ವಿಷಯ: ಸಿಲಿಕೋನ್ ಎಂದು ಬರೆದು ಬೇರೆ ಎಣ್ಣೆ ಕೊಟ್ಟಿರುವುದು

ಮಾನ್ಯರೇ,

ಜೂನ್ 20ರಂದು ನಿಮ್ಮ ಆನ್‌ಲೈನ್ ಅಂಗಡಿಯಿಂದ 649 ರೂಪಾಯಿಯ ಬ್ಯಾರಲ್ ಕ್ಲೀನಿಂಗ್ ಕಿಟ್ ತರಿಸಿಕೊಂಡೆ. ಒಂದು ಪ್ಲಾಸ್ಟಿಕ್ ರಾಡ್, ಒಂದಷ್ಟು ಬಟ್ಟೆ ತುಂಡು, ಒಂದು ಚಿಕ್ಕ ಎಣ್ಣೆ ಬಾಟಲಿ. ಬಾಟಲಿಯ ಮೇಲೆ ‘ಶುದ್ಧ ಸಿಲಿಕೋನ್ ಎಣ್ಣೆ’ ಎಂದಿದೆ. ಒಳಗಿರುವುದು ಸಿಲಿಕೋನ್ ಅಲ್ಲ. ಅದರಿಂದ ನನ್ನ ಮಗನ ಏರ್‌ಸಾಫ್ಟ್ ಗನ್ನಿನ, ಅಂದರೆ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಗನ್ನಿನ, ಹಾಪ್‌ಅಪ್ ರಬ್ಬರ್ (ಗುಂಡಿಗೆ ತಿರುಗು ಕೊಡುವ ಒಳಗಿನ ರಬ್ಬರ್) ಹಾಳಾಗಿದೆ.

ನಾನು ಬೈತಖೋಲ ಬಂದರಿನಲ್ಲಿ 17 ವರ್ಷದಿಂದ ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದೇನೆ. ಬೆಳಗಿನಿಂದ ಸಂಜೆವರೆಗೆ ಕೈಯೆಲ್ಲ ಎಣ್ಣೆಯೇ. ಆದರೂ ಮೊದಲ ದಿನ ಬಾಟಲಿ ಮೂಸಿ ನೋಡಲಿಲ್ಲ. ಸಿಲಿಕೋನ್ ಎಂದು ಬರೆದಿತ್ತು, ನಂಬಿದೆ.

ಇಲ್ಲಿ ಮಳೆಗಾಲದಲ್ಲಿ ಬ್ಯಾರಲ್ ಒರೆಸದೆ ಇಡುವ ಹಾಗಿಲ್ಲ. ನಮ್ಮ ಮನೆ ಇರುವುದು ಕಾಳಿ ನದಿ ಸಮುದ್ರ ಸೇರುವ ಕಡೆ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಉಪ್ಪುಗಾಳಿಗೆ ಸ್ಕ್ರೂ, ಸ್ಪ್ರಿಂಗ್ ತುಕ್ಕು ಹಿಡಿಯುತ್ತವೆ, ಹಿತ್ತಾಳೆಯ ಒಳಬ್ಯಾರಲ್ ಕಿಲುಬುಗಟ್ಟುತ್ತದೆ. ಆ ಬ್ಯಾರಲ್‌ನ ಒಳ ಅಳತೆ 6.03 ಮಿಲಿಮೀಟರ್. ಅದರಲ್ಲಿ ಓಡುವ ಪ್ಲಾಸ್ಟಿಕ್ ಗುಂಡು 5.95. ನಡುವೆ ಉಳಿಯುವುದು ಒಂದು ಕೂದಲೆಳೆಯಷ್ಟು ಜಾಗ. ಅಲ್ಲಿ ಧೂಳೋ ಕಿಲುಬೋ ಕೂತರೆ ಗುಂಡು ನೆಟ್ಟಗೆ ಹೋಗುವುದಿಲ್ಲ.

ಆ ಭಾನುವಾರ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿದೆ. ಮ್ಯಾಗಜಿನ್ ತೆಗೆದೆವು. ಒಳಗೆ ಗುಂಡು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಎರಡು ಸಲ ಖಾಲಿ ಹೊಡೆದು, ಆಮೇಲೆ ಬ್ಯಾಟರಿ ಕಳಚಿದೆವು. ರಬ್ಬರ್ ಬ್ಯಾರಲ್ ಒಳಗೆ ಒತ್ತದ ಹಾಗೆ ಹಾಪ್‌ಅಪ್ ಸೊನ್ನೆಗೆ ತಿರುಗಿಸಿ, ರಾಡಿನ ಸೀಳಿಗೆ ಬಟ್ಟೆ ಸಿಕ್ಕಿಸಿ, ನಿಮ್ಮ ಎಣ್ಣೆ ಎರಡೇ ಹನಿ ಹಾಕಿ ಒರೆಸಿದೆವು. ಬಟ್ಟೆ ಕಪ್ಪಾಗಿ ಹೊರಗೆ ಬಂತು. ಕೊನೆಗೆ ಒಣ ಬಟ್ಟೆಯಿಂದಲೂ ಒರೆಸಿದೆವು.

ಹತ್ತು ದಿನ ಬಿಟ್ಟು ಶಿರಸಿ ಹತ್ತಿರ ಸ್ನೇಹಿತರ ಬೆಟ್ಟಕ್ಕೆ ಹೋದೆವು. ಅಲ್ಲಿ ಕನ್ನಡಕ ಹಾಕಿಕೊಂಡು, ತಗಡಿನ ಡಬ್ಬಿ ಇಟ್ಟು ಗುರಿ ಹೊಡೆಯುವುದು ಮಗನಿಗೆ ಬಹಳ ಇಷ್ಟ. 15 ಮೀಟರ್ ದೂರದ ಡಬ್ಬಿಗೆ ಹತ್ತರಲ್ಲಿ ಏಳೆಂಟು ತಾಗುತ್ತಿದ್ದವು. ಈ ಸಲ ಒಂದು ತಾಗಿತು. ಉಳಿದವು ಒಂದು ಮೇಲೆ, ಒಂದು ಬಲಕ್ಕೆ. ಹುಡುಗ ತನ್ನದೇ ತಪ್ಪು ಎಂದುಕೊಂಡು ಸಪ್ಪಗಾದ. ಅದು ನನಗೆ ತುಂಬಾ ಬೇಜಾರಾಯಿತು.

ಮನೆಗೆ ಬಂದು ಬಿಚ್ಚಿ ನೋಡಿದರೆ ರಬ್ಬರ್ ನೆನೆಸಿದ ಕಡಲೆಯ ಹಾಗೆ ಉಬ್ಬಿತ್ತು. ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತಿತ್ತು. ಗುಂಡಿನ ತಲೆಯನ್ನು ಸ್ವಲ್ಪವೇ ಒತ್ತಿ ಅದಕ್ಕೆ ಹಿಮ್ಮುಖ ತಿರುಗು ಕೊಡುವುದು ಈ ರಬ್ಬರ್. ಅದು ಉಬ್ಬಿದರೆ ಬ್ಯಾರಲ್ ಎಷ್ಟು ಚೊಕ್ಕಟವಾಗಿದ್ದರೂ ಏನು ಬಂತು?

ಆಗ ಬಾಟಲಿ ಮೂಸಿದೆ. ಡೀಸೆಲ್‌ನಂಥ ವಾಸನೆ, ಬಣ್ಣ ತೆಳು ಹಳದಿ. ಸಿಲಿಕೋನ್ ಎಣ್ಣೆಗೆ ಬಣ್ಣವಿಲ್ಲ, ವಾಸನೆಯೂ ಇಲ್ಲದಷ್ಟು ಕಡಿಮೆ. ಸುಮ್ನೆ ಆರೋಪ ಮಾಡಬಾರದು ಎಂದು ಪರೀಕ್ಷೆಯನ್ನೂ ಮಾಡಿದೆ. ಅದೇ ನಮೂನೆಯ ಹಳೇ ರಬ್ಬರನ್ನು ಎರಡು ತುಂಡು ಮಾಡಿ, ಒಂದನ್ನು ನಿಮ್ಮ ಎಣ್ಣೆಯಲ್ಲಿ, ಇನ್ನೊಂದನ್ನು ಬೇರೆ ಕಡೆ ಕೊಂಡ ಸಿಲಿಕೋನ್ ಎಣ್ಣೆಯಲ್ಲಿ ಮೂರು ದಿನ ಇಟ್ಟೆ. ಎರಡೂ 11 ಮಿಲಿಮೀಟರ್ ಇದ್ದವು. ನಿಮ್ಮ ಎಣ್ಣೆಯದು 13 ಆಯಿತು. ಇನ್ನೊಂದು ಹಾಗೇ ಇದೆ. ಸ್ಕೇಲಿನ ಪಕ್ಕ ಇಟ್ಟು ತೆಗೆದ ಫೋಟೋ ಲಗತ್ತಿಸಿದ್ದೇನೆ.

ಇನ್ನೊಂದು ಮಾತು. ನಿಮ್ಮ ಚೀಟಿಯಲ್ಲಿ ‘ರಾಡನ್ನು ಕೊನೆಯವರೆಗೆ ತಳ್ಳಿ’ ಎಂದಷ್ಟೇ ಇದೆ. ಮೊದಲು ಹಾಪ್‌ಅಪ್ ಸೊನ್ನೆಗೆ ತರಬೇಕು ಎಂದು ಎಲ್ಲೂ ಇಲ್ಲ. ಶಿರಸಿಯ ಸ್ನೇಹಿತರೂ ಇದೇ ಕಿಟ್ ತರಿಸಿದ್ದರು. ಚೀಟಿ ಓದಿ ಹಾಗೇ ತಳ್ಳಿದರು, ರಬ್ಬರ್ ಹರಿಯಿತು.

ನಿಮ್ಮ ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ‘ಸೀಲ್ ಒಡೆದ ಎಣ್ಣೆ ವಾಪಸ್ ತಗೊಳ್ಳಲ್ಲ ಸರ್’ ಎಂಬುದೊಂದೇ ಉತ್ತರ. ಸೀಲ್ ಒಡೆಯದೆ ಒಳಗೇನಿದೆ ಎಂದು ತಿಳಿಯುವುದು ಹೇಗೆ? 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜುಲೈ 9ರ ನನ್ನ ಇಮೇಲ್‌ಗೆ ಇವತ್ತಿನವರೆಗೆ ಒಂದು ಸಾಲೂ ಬಂದಿಲ್ಲ.

ಕಿಟ್ಟಿನ 649 ರೂಪಾಯಿ ಮತ್ತು ಹೊಸ ರಬ್ಬರಿನ 380 ರೂಪಾಯಿ ವಾಪಸ್ ಕೊಡಿ. ಅದಕ್ಕಿಂತ ಮುಖ್ಯವಾಗಿ, ಇದೇ ಎಣ್ಣೆಯ ಬಾಟಲಿಗಳ ಮಾರಾಟ ನಿಲ್ಲಿಸಿ, ಈಗಾಗಲೇ ಕೊಂಡವರಿಗೆ ಮೆಸೇಜ್ ಕಳಿಸಿ. ಚೀಟಿಯಲ್ಲಿ ಹಾಪ್‌ಅಪ್ ವಿಷಯ ಸೇರಿಸಿ, ಕನ್ನಡದಲ್ಲೂ ಹಾಕಿ. ಇದನ್ನು ಬಳಸುವವರಲ್ಲಿ ಮಕ್ಕಳೂ ಇದ್ದಾರೆ ಅಲ್ವಾ? 15 ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ ಇಲ್ಲೇ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಾಟಲಿಯಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಇದೆ. ಮುಚ್ಚಳಕ್ಕೆ ಟೇಪ್ ಸುತ್ತಿ ಇಟ್ಟಿದ್ದೇನೆ. ನಿಮ್ಮವರು ಬಂದರೆ ಕೊಟ್ಟು ಕಳಿಸುತ್ತೇನೆ, ಯಾವ ಲ್ಯಾಬ್‌ನಲ್ಲಾದರೂ ಪರೀಕ್ಷೆ ಮಾಡಿಸಿ.

ಇಂತಿ,
ನಿಮ್ಮ ಗ್ರಾಹಕ