ಕೀಮೋಗೆ ಮುಂಚೆ ಈ ಎರಡು ಪ್ರಶ್ನೆ ಕೇಳಿ

ಮಾನ್ಯ ಸಂಪಾದಕರೇ,

ಚೀನಾದ ಗಿಡಮೂಲಿಕೆ ಕರುಳಿನ ಬ್ಯಾಕ್ಟೀರಿಯಾ ಸರಿಮಾಡಿ ಕ್ಯಾನ್ಸರ್ ರೋಗಿಗಳ ಖಿನ್ನತೆ ಕಳೆಯುತ್ತದೆ ಎಂಬ ಸಂದೇಶ ನಮ್ಮ ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಿಗೂ ಬಂದಿದೆ. ಅದನ್ನು ನಂಬಿ ಪುಡಿ ತರಿಸಿದವಳು ನಾನೇ. ಅದಕ್ಕೇ ಈ ಪತ್ರ.

ಅಕ್ಕನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಮೂರನೇ ಕೀಮೋ ಆದ ಮೇಲೆ ಮಾತು ಕಮ್ಮಿಯಾಯಿತು. ಒಂದೆಲಗದ ತಂಬುಳಿ ಅಂದರೆ ಪ್ರಾಣ ಬಿಡುತ್ತಿದ್ದವಳು ಬಟ್ಟಲು ಸರಿಸಿ, ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಸುಸ್ತಿರಬೇಕು ಅಂದುಕೊಂಡೆವು. ಆಮೇಲೆ ನಾನು ಆನ್‌ಲೈನಿನಲ್ಲಿ ‘ಶಿಯಾವ್‌ಯಾವ್ ಸಾನ್’ ಎಂಬ ಆ ಚೀನಾದ ಮೂಲಿಕೆ ಪುಡಿ ತರಿಸಿ ದಿನಕ್ಕೆರಡು ಸಲ ಬಿಸಿನೀರಲ್ಲಿ ಕದಡಿ ಕೊಟ್ಟೆ. ಹದಿನೈದು ದಿನ ಕಳೆದಿರಲಿಲ್ಲ, ಮಧ್ಯರಾತ್ರಿ ಮೀನಖಂಡ ಹಿಡಿದುಕೊಂಡು ಕೂಗಿಕೊಂಡಳು. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ಕೀಮೋದ ಭೇದಿ ಮೊದಲೇ ಇತ್ತು. ಆ ಪುಡಿಯಲ್ಲಿ ಜ್ಯೇಷ್ಠಮಧು ಬೇರೆ. ಎರಡೂ ಪೊಟ್ಯಾಸಿಯಂ ಇಳಿಸುವಂಥವೇ.

ಮೂಲಿಕೆಯನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಅಕ್ಕನಿಗೆ ಕೊಟ್ಟ ಕೀಮೋ ಔಷಧಿ ಇರಿನೋಟೆಕಾನ್ ಕೂಡ ಮರದಿಂದ ಬಂದದ್ದೇ. ಅದರ ಮೂಲವಸ್ತು ಮೊದಲು ಸಿಕ್ಕಿದ್ದು ಚೀನಾದ ಮರವೊಂದರಲ್ಲಿ. ನಮ್ಮ ಘಟ್ಟದ ದುರ್ವಾಸನೆ ಮರದಲ್ಲೂ ಅದು ಇದೆ. ಕರುಳಿಗೂ ಮನಸ್ಸಿಗೂ ನಂಟಿರುವುದೂ ನಿಜ. ಮನಸ್ಸಿನ ಮೇಲೆ ಪ್ರಭಾವ ಬೀರುವ, ಮೈಯಲ್ಲಿರುವ ರಾಸಾಯನಿಕವಾದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ತಯಾರಾಗುವುದು ಕರುಳಲ್ಲೇ. ಆದರೆ ಅದು ನೇರವಾಗಿ ಮೆದುಳಿಗೆ ಹೋಗುವುದಿಲ್ಲ. ಸುದ್ದಿ ಮುಟ್ಟುವುದು ನರಗಳ ಮೂಲಕ, ಬೇರೆ ದಾರಿಗಳಲ್ಲಿ. ಆ ಪುಡಿಯೂ ಚೀನಾದ ಸಾಂಗ್ ಅರಸರ ಕಾಲದ ಹಳೆಯ ಔಷಧಿ. ಕರುಳಿನ ಬ್ಯಾಕ್ಟೀರಿಯಾ ಮೇಲೆ ಅದರ ಪರಿಣಾಮ ನೋಡಿದ್ದು ಬಹುಪಾಲು ಇಲಿಗಳಲ್ಲಿ. ಕೀಮೋ ನಡೆಯುತ್ತಿರುವವಳಿಗೆ ವೈದ್ಯರನ್ನು ಕೇಳದೆ ನಾನು ಕೊಡಬಾರದಿತ್ತು.

ಇನ್ನೊಂದು ಮಾತು ಮನಸ್ಸಲ್ಲಿ ಚುಚ್ಚುತ್ತಲೇ ಇದೆ. ಅಷ್ಟು ಸಲ ಆಸ್ಪತ್ರೆಗೆ ಹೋದೆವು. ತೂಕ ನೋಡಿದರು, ಬಿಪಿ ನೋಡಿದರು, ರಕ್ತ ತೆಗೆದರು. ‘ಮನಸ್ಸು ಹೇಗಿದೆ?’ ಅಂತ ಒಬ್ಬರೂ ಕೇಳಲಿಲ್ಲ. ‘ಮನೆಯಲ್ಲಿ ಬೇರೆ ಏನಾದ್ರೂ ಕುಡೀತೀರಾ?’ ಅಂತಲೂ ಕೇಳಲಿಲ್ಲ. ನಮ್ಮ ಕಡೆ ಕಷಾಯ, ನಾಟಿ ಔಷಧಿ ಇಲ್ಲದ ಮನೆ ಎಲ್ಲಿದೆ? ಬೈಸಿಕೊಳ್ಳಬೇಕಲ್ಲ ಅಂತ ಸುಮ್ನೆ ಇರುತ್ತೇವೆ. ಸಮಾಧಾನದಿಂದ ಕೇಳಿದರೆ ಹೇಳುತ್ತೇವೆ. ನಾನಂತೂ ಹೇಳುತ್ತಿದ್ದೆ.

ಕೊನೆಗೆ ದಾರಿ ಸಿಕ್ಕಿದ್ದು 14416ಕ್ಕೆ ಫೋನ್ ಮಾಡಿದಾಗ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಕ್ಕ ಈಗ ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಅದೂ ಕ್ಯಾನ್ಸರ್ ವೈದ್ಯರಿಗೆ ತೋರಿಸಿಯೇ. ಮೊನ್ನೆ ತಂಬುಳಿಗೆ ಉಪ್ಪು ಸಾಲದು ಅಂದಳು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕ್ಯಾನ್ಸರ್ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಅಲೆಯುತ್ತೇವೆ. ಕೀಮೋ ಮುಗಿಸಿ ಬಸ್ಸಿಳಿದ ಮೇಲೆ ನೋಡಿಕೊಳ್ಳುವವರು ಮನೆಯವರಷ್ಟೇ. ಕಾರವಾರ, ಶಿರಸಿ, ಕುಮಟಾದಂಥ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥವರಿಗಾಗಿ ವಾರಕ್ಕೊಂದು ದಿನವಾದರೂ ಆಪ್ತಸಮಾಲೋಚಕರು ಕೂರಬೇಕು. ಕೀಮೋ ಚೀಟಿಯಲ್ಲಿ ತೂಕ, ಬಿಪಿಯ ಪಕ್ಕದಲ್ಲೇ ಆ ಎರಡು ಪ್ರಶ್ನೆಗಳಿಗೂ ಜಾಗ ಕೊಡಲಿ. ಆರೋಗ್ಯ ಇಲಾಖೆಯವರು ದಯವಿಟ್ಟು ಗಮನ ಕೊಡಬೇಕು.

– ನೊಂದ ಓದುಗರು, ಶಿರಸಿ