ಬಾಹ್ಯಾಕಾಶ ಸಚಿವರೇ, ಕಲಾವಿದರಿಗೂ ಒಂದು ಕುರ್ಚಿ ಹಾಕಿಸಿ

ಮಾನ್ಯ ಬಾಹ್ಯಾಕಾಶ ಸಚಿವರಿಗೆ ನಮಸ್ಕಾರ,

ನಿಮ್ಮ ಮುಂದಿನ ಯಾನದ ತಂಡದಲ್ಲಿ ಒಬ್ಬ ಕಲಾವಿದರಿಗೆ ಜಾಗ ಕೊಡಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

1965ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಮ್ಯಾರಿನರ್ 4 ನೌಕೆ ಮಂಗಳನ ಪಕ್ಕ ಹಾದುಹೋಯಿತು. ಅದು ಕಳಿಸಿದ್ದು ಬರೀ ಅಂಕಿಗಳನ್ನು, ಚಿತ್ರದ ಒಂದೊಂದು ಚುಕ್ಕೆ ಎಷ್ಟು ಬೆಳಗಿದೆ ಅಂತ ಹೇಳುವ ಅಂಕಿಗಳನ್ನು. ಕಂಪ್ಯೂಟರ್ ಅವನ್ನು ಚಿತ್ರ ಮಾಡಿ ಕೊಡುವವರೆಗೆ ಕಾಯಲು ನಾಸಾದ ಎಂಜಿನಿಯರುಗಳಿಗೆ ತಾಳ್ಮೆಯಿರಲಿಲ್ಲ. ಅಂಕಿ ಅಚ್ಚಾದ ಕಾಗದದ ಪಟ್ಟಿಗಳನ್ನು ಗೋಡೆಯ ಮೇಲೆ ಸಾಲಾಗಿ ಜೋಡಿಸಿದರು. ಪೇಸ್ಟಲ್ ಕಡ್ಡಿಗಳನ್ನು ತರಿಸಿದರು. ಇಷ್ಟರಿಂದ ಇಷ್ಟರವರೆಗಿನ ಅಂಕಿಗೆ ಕಂದು, ಇಷ್ಟಕ್ಕೆ ಹಳದಿ ಅಂತ ಗೊತ್ತು ಮಾಡಿಕೊಂಡು ಪಟ್ಟಿಯಿಂದ ಪಟ್ಟಿಗೆ ಬಣ್ಣ ತಿಕ್ಕುತ್ತಾ ಹೋದರು. ನಿಧಾನವಾಗಿ ಮಂಗಳನ ಅಂಚು ಎದ್ದು ಬಂತು. ಅಷ್ಟು ಹತ್ತಿರದ ಮಂಗಳ ಮನುಷ್ಯರ ಕಣ್ಣಿಗೆ ಮೊದಲು ಬಿದ್ದದ್ದು ಹೀಗೆ, ಕೈಯಲ್ಲಿ ಬಳಿದ ಬಣ್ಣದಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೂ ಹಿಂದೆ ಹೋಗಿ. 1609ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದುಕೊಂಡರು. ಕೆಲವೇ ತಿಂಗಳಲ್ಲಿ ಗೆಲಿಲಿಯೋ ಕೂಡ ನೋಡಿದರು. ಚಂದ್ರನ ಮೇಲಿನ ಕಪ್ಪು ಕಲೆಗಳಲ್ಲಿ ಬೆಟ್ಟದ ನೆರಳಿದೆ ಅಂತ ಹೊಳೆದದ್ದು ಗೆಲಿಲಿಯೋಗೆ. ಅವರು ಚಿತ್ರ ಬಿಡಿಸಲು ಕಲಿತವರು. ಉಬ್ಬಿನ ಮೇಲೆ ಬೆಳಕು ಬಿದ್ದರೆ ನೆರಳು ಎಲ್ಲಿ ಕೂರುತ್ತದೆ ಅನ್ನುವುದು ಅವರ ಕೈಗೇ ಗೊತ್ತಿತ್ತು.

ಬಾಹ್ಯಾಕಾಶದಲ್ಲಿ ಮೊದಲು ನಡೆದಾಡಿದ ಅಲೆಕ್ಸಿ ಲಿಯೊನೊವ್ ಬಣ್ಣದ ಪೆನ್ಸಿಲ್ ಒಯ್ದಿದ್ದರು. ತೇಲಿ ಹೋಗದಿರಲಿ ಅಂತ ಅವಕ್ಕೆ ದಾರ ಸುತ್ತಿತ್ತು. ನೌಕೆಯಲ್ಲೇ ಕೂತು ಅವರು ಸೂರ್ಯೋದಯ ಬಿಡಿಸಿದರು. ಚಂದ್ರನ ಮೇಲೆ ನಡೆದ ಅಲನ್ ಬೀನ್ 1981ರಲ್ಲಿ ನಾಸಾ ಬಿಟ್ಟು ಪೂರ್ತಿ ಚಿತ್ರಕಾರರಾದರು. ತಮ್ಮ ಸೂಟಿನ ಲಾಂಛನಗಳಿಗೆ ಅಂಟಿದ್ದ ಚಂದ್ರನ ಧೂಳನ್ನು ಬಣ್ಣಕ್ಕೆ ಬೆರೆಸಿದರು.

ಇಷ್ಟೊಂದು ಕ್ಯಾಮೆರಾ ಇರುವಾಗ ಕಲಾವಿದರು ಯಾಕೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ನಾಸಾದಲ್ಲೂ ಕ್ಯಾಮೆರಾಗಳಿಗೆ ಬರವಿರಲಿಲ್ಲ, ಅಲ್ವಾ? ಆದರೂ 1962ರಲ್ಲೇ ಅವರು ಕಲಾವಿದರನ್ನು ಕರೆಯಲು ಶುರುಮಾಡಿದರು. ಕ್ಯಾಮೆರಾ ಎದುರಿಗೆ ಬಂದದ್ದನ್ನೆಲ್ಲ ಹಿಡಿಯುತ್ತದೆ. ಕಲಾವಿದರು ಯಾವುದನ್ನು ಬಿಡಬೇಕು, ಯಾವುದರ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಕು ಅಂತ ಆರಿಸುತ್ತಾರೆ.

ಉಡಾವಣೆ ಮುಗಿದ ಮೇಲೆ ಕರೆದು ಸುಮ್ನೆ ಒಂದು ಪೋಸ್ಟರ್ ಮಾಡಿಸಬೇಡಿ. ನಕ್ಷೆ ಹಾಕುವ ಮೊದಲ ದಿನವೇ ಅವರನ್ನು ಒಳಗೆ ಬಿಡಿ. ಒಂದು ಪಾಸ್, ಒಂದು ಕುರ್ಚಿ, ಒಂದು ಸ್ಕೆಚ್ ಪುಸ್ತಕ ಸಾಕು. ಉಡಾವಣೆ ಮುಂದೂಡಿ ಎಲ್ಲರೂ ಮುಖ ಬಾಡಿಸಿಕೊಂಡು ಕೂತ ದಿನವೂ ಅವರು ಅಲ್ಲೇ ಇರಲಿ.

ವಂದನೆಗಳೊಂದಿಗೆ,
ಆಕಾಶ ನೋಡುವ ಒಬ್ಬ ನಾಗರಿಕ