ಇಳಿತದ ಗುರುವಾರಗಳು: ಮಗಳಿಗೊಂದು ಪತ್ರ

ಕುಮಟಾ
ಆಷಾಢದ ಒಂದು ರಾತ್ರಿ

ಪ್ರೀತಿಯ ಮಗಳೇ,

ಎಂಎಸ್ಸಿ ನರ್ಸಿಂಗ್ ಅರ್ಜಿಯ ಜೊತೆ ಇಡಲೆಂದು ನೀನು ಬರೆದ ಪುಟವನ್ನು ಮೂರು ಸಲ ಓದಿದೆ. ಮೊಬೈಲಿನಲ್ಲಿ ಅಕ್ಷರ ಕಣ್ಣಿಗೆ ಹಿಡಿಯಲಿಲ್ಲವೆಂದು ಪೇಟೆಗೆ ಹೋಗಿ ಕಾಗದದ ಮೇಲೆ ಮುದ್ರಿಸಿಕೊಂಡು ಬಂದೆ. ಸೆರಗಿನೊಳಗೆ ಮುಚ್ಚಿ ತಂದರೂ ಮಳೆಗೆ ಒಂದು ಮೂಲೆ ಒದ್ದೆಯಾಯಿತು. ಭಾಷೆಯಲ್ಲಿ ಒಂದು ತಪ್ಪೂ ಇಲ್ಲ. ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಕಲಿತ ನಾಲ್ಕು ವರ್ಷ, ಲೆಫ್ಟಿನೆಂಟ್ ಆದದ್ದು, ಕ್ಯಾಪ್ಟನ್ ಆದದ್ದು, ಕೆಲಸ ಮಾಡಿದ ಆಸ್ಪತ್ರೆಗಳು ಎಲ್ಲ ಸಾಲಾಗಿ ಇವೆ. ಶಿಸ್ತು, ಸಮರ್ಪಣೆ ಎಂಬ ಮಾತುಗಳೂ ಇವೆ. ಆದರೆ ಆ ಪುಟದಲ್ಲಿ ಒಬ್ಬ ರೋಗಿಯೂ ಇಲ್ಲ ಮಗಳೇ.

ಕಳೆದ ಸಲ ರಜೆಗೆ ಬಂದಾಗ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ನೀನು ಒಬ್ಬ ಸಿಪಾಯಿ ಹುಡುಗನ ವಿಷಯ ಹೇಳಿದ್ದೆ. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವನು, ಇನ್ನೂ ಮೀಸೆ ಸರಿಯಾಗಿ ಮೂಡದವನು. ಇಲ್ಲದ ಪಾದದ ಬೆರಳುಗಳು ಅವನಿಗೆ ರಾತ್ರಿಯಿಡೀ ಉರಿಯುತ್ತಿದ್ದವು. 0ರಿಂದ 10ರವರೆಗೆ ನೋವು ಎಷ್ಟಿದೆ ಎಂದು ನೀನು ಕೇಳಿದರೆ ‘ಎರಡು, ಮೇಡಂ’ ಎನ್ನುತ್ತಿದ್ದ. ನಾಡಿ 120ರಲ್ಲಿ ಓಡುತ್ತಿತ್ತು, ದಿಂಬು ಬೆವರಿಗೆ ತೊಯ್ದಿತ್ತು. ಅದೇ ಹುಡುಗ ವಾರ್ಡ್ ಗುಡಿಸಲು ಬರುವವನ ಹತ್ತಿರ, ತಡೆಯಲು ಆಗುತ್ತಿಲ್ಲ ಎಂದು ಅತ್ತಿದ್ದ. ‘ಅಮ್ಮಾ, ಅವನು ನನ್ನ ಮುಖ ನೋಡಿ ಉತ್ತರ ಕೊಡುವುದಿಲ್ಲ, ಹೆಗಲ ಮೇಲಿನ ನಕ್ಷತ್ರ ನೋಡಿ ಕೊಡುತ್ತಾನೆ’ ಎಂದೆ ನೀನು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ನಿನ್ನ ಅರ್ಜಿ ಅದು. ಅಧಿಕಾರಿಯೂ ಆಗಿರುವ ನರ್ಸ್ ಕೇಳಿದಾಗ ಸಿಪಾಯಿ ತನ್ನ ನೋವನ್ನು ಕಡಿಮೆ ಮಾಡಿ ಹೇಳುತ್ತಾನೆಯೇ? ಹೇಳುವುದಾದರೆ ಅವನಿಗೆ ಸಿಗಬೇಕಾದ ಔಷಧಿ ತಪ್ಪುತ್ತಿದೆಯೇ? ಇದನ್ನು ಕೇಳಲು ನಿನ್ನ ಜಾಗದಲ್ಲಿ ನಿಂತವರಿಗೇ ಸಾಧ್ಯ. ಬರೆಯುವಾಗ ಅವನ ಹೆಸರು, ರೆಜಿಮೆಂಟು, ಊರು, ಗಾಯವಾದ ಸ್ಥಳ ಯಾವುದೂ ಬರಬಾರದು. ಅವನನ್ನು ಅವನ ಮನೆಯವರು ಕೂಡ ಗುರುತಿಸದಂತೆ ಬರೆ.

ಇಷ್ಟು ವರ್ಷ ಅನುಭವ ಇರುವವಳಿಗೆ ಮತ್ತೆ ಓದೇಕೆ ಎಂದು ನಿನ್ನ ಅತ್ತೆ ಮೊನ್ನೆಯೂ ಕೇಳಿದಳು. ಅವಳಿಗೆ ಚಹಾ ಕೊಟ್ಟು ಸುಮ್ಮನಾದೆ. ಉತ್ತರವನ್ನು ನಿನಗೆ ಬರೆಯುತ್ತಿದ್ದೇನೆ.

ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಆರೋಗ್ಯ ಉಪಕೇಂದ್ರಕ್ಕೆ ನಾನು ದಾದಿಯಾಗಿ ಹೋದ ಮೊದಲ ವರ್ಷ. ಲಸಿಕೆಯ ದಿನ ಗುರುವಾರ. ಒಂದು ಗುರುವಾರ ಜಗಲಿಯ ತುಂಬ ತಾಯಂದಿರು, ಮರು ಗುರುವಾರ ನಾಲ್ಕೇ ನಾಲ್ಕು ಮಕ್ಕಳು. ಜನರಿಗೆ ತಿಳಿವಳಿಕೆ ಸಾಲದು ಎಂದರು ಮೇಲಿನವರು. ನಾನೂ ನಂಬಿದೆ. ಮನೆಮನೆಗೆ ಹೋಗಿ ಗದರಿದೆ. ಕೊನೆಗೆ ಒಬ್ಬ ಬಾಣಂತಿಯ ಅತ್ತೆ ನನ್ನ ಕೈ ಹಿಡಿದು ಹೊಳೆಯ ದಂಡೆಗೆ ಕರೆದುಕೊಂಡು ಹೋದಳು. ನೀರು ಇಳಿದು ಕೆಸರು ತೆರೆದಿತ್ತು. ಅರ್ಧ ಊರಿನ ಹೆಂಗಸರು ಸೀರೆ ಎತ್ತಿ ಕಟ್ಟಿ, ಬಗ್ಗಿ ಬಳಚು ಎಂಬ ಚಿಪ್ಪುಮೀನು ಆಯುತ್ತಿದ್ದರು. ಆ ದಿನದ ಅಕ್ಕಿ, ಎಣ್ಣೆ ಎರಡೂ ಆ ಕೆಸರಿನೊಳಗೇ ಇದ್ದವು.

ಕಡಲಿನ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ತಾಸು. ಈ ಗುರುವಾರ ಬೆಳಿಗ್ಗೆ 10 ಗಂಟೆಗೆ ಕೆಸರು ತೆರೆದಿದ್ದರೆ ಬರುವ ಗುರುವಾರ ಅದೇ ಹೊತ್ತಿಗೆ ಹೊಳೆ ತುಂಬಿರುತ್ತದೆ, ಹೆಂಗಸರು ಮನೆಯಲ್ಲಿರುತ್ತಾರೆ. ನನ್ನ ಜಗಲಿ ಒಂದು ವಾರ ತುಂಬಿ ಒಂದು ವಾರ ಬರಿದಾಗಲು ಇದ್ದ ಕಾರಣ ಇಷ್ಟೇ. ಅಂದಿನಿಂದ ಪಂಚಾಂಗದ ತಿಥಿ ನೋಡಿ ಡೈರಿಯಲ್ಲಿ ಗುರುತು ಹಾಕಿಕೊಂಡೆ. ಇಳಿತದ ಗುರುವಾರಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಬನ್ನಿ ಎಂದು ಹೇಳಿ ಕಳಿಸಿದೆ. ಬಂದರು. ಕೈಯಲ್ಲಿ ಇನ್ನೂ ಕೆಸರಿನ ವಾಸನೆ ಇರುತ್ತಿತ್ತು, ಆದರೂ ಬಂದರು.

ನಾನು ಕಳಿಸಿದ ತಿಂಗಳ ವರದಿಗಳಲ್ಲಿ ಮಕ್ಕಳ ಸಂಖ್ಯೆ ಇತ್ತು. ಕಾರಣ ಬರೆಯಲು ಅಲ್ಲಿ ಕಾಲಂ ಇರಲಿಲ್ಲ. ನನ್ನ ನಂತರ ಬಂದವಳಿಗೆ ಬಾಯಲ್ಲಿ ಹೇಳಿದೆ. ಅವಳಿಗೆ ವರ್ಗವಾಯಿತು. ಈಗಿನ ಹುಡುಗಿ ಒಳ್ಳೆಯವಳು, ಶ್ರದ್ಧೆಯವಳು. ಹೋದ ತಿಂಗಳು ನನ್ನನ್ನು ಕಂಡು, ‘ಅಕ್ಕಾ, ಒಂದು ವಾರ ಬರುತ್ತಾರೆ, ಒಂದು ವಾರ ಬರುವುದಿಲ್ಲ, ಜನರಿಗೆ ತಿಳಿವಳಿಕೆ ಸಾಲದು’ ಎಂದಳು. ಆ ಮಾತು ಕೇಳಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ನಾನು ಒಂದು ವರ್ಷ ಅಲೆದು ಕಲಿತದ್ದನ್ನು ಅವಳು ಮತ್ತೆ ಮೊದಲಿನಿಂದ ಅಲೆದು ಕಲಿಯಬೇಕಾಗಿದೆ. ಅದನ್ನು ಎಣಿಸಿ, ಪರೀಕ್ಷಿಸಿ, ನಾಲ್ಕು ಜನ ಓದುವಂತೆ ಬರೆದಿಡುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ಎಂಎಸ್ಸಿಯಲ್ಲಿ ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು ಎಂದು ನೀನು ಬೇಸರದಿಂದ ಹೇಳಿದ್ದೆ. ನನ್ನನ್ನು ಕೇಳಿದರೆ ಆ ಎರಡು ವರ್ಷಗಳ ತಿರುಳೇ ಅದು.

ನಿಮ್ಮ ಸೈನಿಕ ದಾದಿಯರ ವಂಶದ ಹಿರಿಯಳೂ ಹೀಗೇ ಎಣಿಸಿ ಬರೆದಿಟ್ಟಳು. ನೈಟಿಂಗೇಲ್ ಎಂದರೆ ಎಲ್ಲರಿಗೂ ದೀಪ ನೆನಪಾಗುತ್ತದೆ. 1854ರಲ್ಲಿ 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದವಳು ಹಿಂತಿರುಗಿದ ಮೇಲೆ ಮಾಡಿದ ಕೆಲಸ ಸತ್ತವರನ್ನು ಎಣಿಸುವುದು. ಗಾಯದಿಂದ ಸತ್ತವರಿಗಿಂತ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹಲವು ಪಟ್ಟು ಎಂದು 1858ರಲ್ಲಿ ಬಣ್ಣದ ನಕ್ಷೆ ಬರೆದು ತೋರಿಸಿದಳು. ಅದರಲ್ಲಿ ಗಾಯಕ್ಕೆ ಕೆಂಪು, ರೋಗಕ್ಕೆ ನೀಲಿ. ನೀಲಿಯೇ ಪುಟವನ್ನು ತುಂಬಿದೆ. ಅಕ್ಟೋಬರ್ 1ರಂದು ನಿಮ್ಮ ಮಿಲಿಟರಿ ನರ್ಸಿಂಗ್ ಸೇವೆಯ ಸ್ಥಾಪನಾ ದಿನದ ಫೋಟೊ ಕಳಿಸುತ್ತೀಯಲ್ಲ, 1926ರಲ್ಲಿ ಕಾಯಂ ಆದ ಆ ಸೇವೆಯ ಬೇರು 1888ರಲ್ಲಿ ಮುಂಬಯಿಯಲ್ಲಿ ಬಂದಿಳಿದ ಹತ್ತು ದಾದಿಯರಲ್ಲಿದೆ. ಅವರೂ ಸಿಪಾಯಿಗಳ ಹಾಸಿಗೆಯ ಪಕ್ಕದಲ್ಲಿ ನಿಂತೇ ಕಲಿತವರು.

ಇಷ್ಟೆಲ್ಲ ಹೇಳಿದರೂ ನಿನ್ನ ಪ್ರಶ್ನೆಯಲ್ಲಿ ನನಗೊಂದು ಅನುಮಾನವಿದೆ. ನಿನ್ನ ಅಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದ ರಾತ್ರಿ ಆಂಬುಲೆನ್ಸಿನಲ್ಲಿ ನಾನು ಅವರ ಪಕ್ಕದಲ್ಲಿದ್ದೆ. ಹೊನ್ನಾವರ, ಭಟ್ಕಳ, ಕುಂದಾಪುರ ದಾಟುವವರೆಗೂ ಕೇಳುತ್ತಲೇ ಇದ್ದೆ, ಎಷ್ಟು ನೋವಿದೆ ಎಂದು. ‘ಏನಿಲ್ಲ, ನೀನು ಸ್ವಲ್ಪ ಮಲಗು’ ಎಂದರು. ನನ್ನ ಹೆಗಲ ಮೇಲೆ ಯಾವ ನಕ್ಷತ್ರವೂ ಇರಲಿಲ್ಲ. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವರು ಹಾಗೆ ಹೇಳಿದರು. ಆ ಹುಡುಗ ಮುಚ್ಚಿಟ್ಟದ್ದು ನಿನ್ನ ದರ್ಜೆಗೆ ಅಂಜಿಯೋ, ಗಂಡಸು ಅಳಬಾರದೆಂದೋ, ನಿನಗೆ ತೊಂದರೆಯಾಗದಿರಲಿ ಎಂಬ ಮಮತೆಯಿಂದಲೋ? ಉತ್ತರ ಮೊದಲೇ ಗೊತ್ತಿದೆ ಎಂಬಂತೆ ಬರೆಯಬೇಡ. ಗೊತ್ತಿಲ್ಲ, ತಿಳಿಯಬೇಕಾಗಿದೆ ಎಂದು ಬರೆ.

ಯಾವ ವಿಭಾಗ ಎಂದು ಕೇಳಿದ್ದೆ. ಐದರಲ್ಲಿ ಸಮುದಾಯ ಆರೋಗ್ಯ, ಮಕ್ಕಳ ಆರೈಕೆ, ಪ್ರಸೂತಿ ಮೂರನ್ನೂ ನೀನೇ ಪಕ್ಕಕ್ಕಿಟ್ಟಿದ್ದೀಯೆ. ಉಳಿದದ್ದು ಮೆಡಿಕಲ್-ಸರ್ಜಿಕಲ್, ಮನೋರೋಗ. ಆ ಹುಡುಗನ ಪಕ್ಕದಲ್ಲಿ ನಿಂತು ಯೋಚಿಸು. ಅವನ ಉರಿಯನ್ನು ಆರಿಸುವುದು ನಿನ್ನನ್ನು ಎಳೆಯುತ್ತದೆಯೋ, ಅವನ ಮೌನವನ್ನು ಅರಿಯುವುದೋ? ನನಗೆ ಎರಡನೆಯದು ಎನಿಸುತ್ತದೆ, ಆದರೆ ಆ ರಾತ್ರಿ ಅಲ್ಲಿದ್ದವಳು ನೀನು. ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರ್ ಕೋರ್ಸಿನ ಬಗ್ಗೆಯೂ ಹೇಳಿದ್ದೆ. ಅದರಲ್ಲಿ ಹೆಚ್ಚಿನ ಕಲಿಕೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಎಂಬುದು ನನಗೆ ಹಿಡಿಸಿತು. ವಾರ್ಡ್ ಬಿಟ್ಟಿರಲಾರೆ ಎನಿಸಿದರೆ ಅದನ್ನೂ ನೋಡು.

ಬಿಎಸ್ಸಿಯಲ್ಲಿ 55 ಶೇಕಡ, ನೋಂದಣಿಯ ನಂತರ ಒಂದು ವರ್ಷದ ಕೆಲಸ, ಎರಡೂ ನಿನಗೆ ಧಾರಾಳವಾಗಿವೆ. ಸಮವಸ್ತ್ರದವರಿಗೆ ಕಷ್ಟ ಬೇರೆ ಕಡೆ ಇರುತ್ತದೆ. ಮೇಲಧಿಕಾರಿಯ ಅನುಮತಿ, ಅಧ್ಯಯನ ರಜೆ ಇವು ಬರವಣಿಗೆಯಲ್ಲಿ ಕೈಗೆ ಬರುವ ಮೊದಲು ಎಲ್ಲಿಯೂ ಹಣ ಕಟ್ಟಬೇಡ. ನಡುವೆ ವರ್ಗಾವಣೆ ಬಂದರೆ ಕಾಗದಗಳು ಹಳೆಯ ಕಚೇರಿಯಲ್ಲೇ ಉಳಿಯುತ್ತವೆ, ಪ್ರತಿಯೊಂದರ ನಕಲು ನಿನ್ನ ಹತ್ತಿರ ಇರಲಿ. ಪುಣೆಯಲ್ಲಿ ಓದಿದರೂ ನಿನ್ನ ಪದವಿ ನಾಶಿಕದ ವಿಶ್ವವಿದ್ಯಾಲಯದ್ದು. ಬೆಂಗಳೂರಿನಲ್ಲಿ ಓದುವುದಾದರೆ ನಮ್ಮ ರಾಜ್ಯದ ನರ್ಸಿಂಗ್ ಪರಿಷತ್ತಿನಿಂದ ಏನೇನು ಬೇಕು ಎಂದು ಈಗಲೇ ವಿಚಾರಿಸು. ಪ್ರವೇಶ ಪರೀಕ್ಷೆಯ ಅಂಕದಿಂದಲೇ ಸೀಟು ಕೊಡುವಲ್ಲಿ ಈ ಪುಟವನ್ನು ಯಾರೂ ಓದದೆಯೂ ಇರಬಹುದು. ಆದರೂ ಬರೆ. ಪ್ರಬಂಧಕ್ಕೆ ವಿಷಯ ಕೇಳುವ ದಿನ ಅದು ನಿನ್ನ ಕೈಯಲ್ಲಿರುತ್ತದೆ.

ಟ್ರಂಕಿನಿಂದ ನಿನ್ನ ಅಂಕಪಟ್ಟಿಗಳನ್ನು ತೆಗೆದಿದ್ದೇನೆ. ಮೂರನೆಯ ವರ್ಷದ್ದಕ್ಕೆ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು, ಒರೆಸಿ ಒಲೆಯ ಹತ್ತಿರ ಇಟ್ಟು ಒಣಗಿಸಿದೆ, ಅಕ್ಷರ ಕೆಟ್ಟಿಲ್ಲ. ನಾಳೆ ಸ್ಪೀಡ್ ಪೋಸ್ಟಿನಲ್ಲಿ ಹೊರಡುತ್ತವೆ. ಜೊತೆಗೆ ನನ್ನ ಡೈರಿಗಳಲ್ಲಿ ಗೆದ್ದಲು ತಿನ್ನದೆ ಉಳಿದ ಒಂದನ್ನು ಇಡೋಣವೆಂದಿದ್ದೆ. ಈಗ ಮನಸ್ಸು ಬದಲಾಗಿದೆ. ಬರುವ ಗುರುವಾರ ಬೆಳಿಗ್ಗೆ ಇಳಿತವಿದೆ. ಡೈರಿಯನ್ನು ತೆಗೆದುಕೊಂಡು ಉಪಕೇಂದ್ರಕ್ಕೆ ಹೋಗಿ ಆ ಹುಡುಗಿಯ ಜೊತೆ ಕುಳಿತು ಬರುತ್ತೇನೆ.

ನಿನ್ನ,
ಅಮ್ಮ